ತಿನ್ನದ ಮೀನು

ಹನ್ನೊಂದನೇ ತಾರೀಖು, ಮಂಗಳವಾರ.

ಬಲೆ ಮತ್ತೆ ಹರಿದು ಬಂದಿದೆ, ನಿನ್ನೆ ಹೊಲಿದುಕೊಟ್ಟ ಜಾಗದಲ್ಲೇ. ದಾರ ಎಳೆದೆಳೆದು ಬೆರಳು ಸೀಳಿವೆ, ಬರೆಯಲೂ ಬೇಸರ.

ಇವತ್ತೂ ಬಲೆ ತುಂಬ ಅದೇ ಕರಿ ಮುಳ್ಳುಮೀನು. ಯಾರದೋ ಮನೆಯ ಗಾಜಿನ ತೊಟ್ಟಿಯಲ್ಲಿ ಪಾಚಿ ನೆಕ್ಕಿಕೊಂಡಿದ್ದವನ್ನು ತಂದು ಇಲ್ಲಿ ಬಿಟ್ಟಿದ್ದಾರೆ. ಈಗ ಕೆರೆಯೆಲ್ಲ ಅವುಗಳದ್ದೇ. ನಮ್ಮ ಮೀನಿನ ಮೊಟ್ಟೆಯನ್ನೂ ಉಳಿಸುವುದಿಲ್ಲ. ಆದರೂ ಮಾವ ಒಂದೊಂದನ್ನೇ ಬಿಡಿಸಿ ಮತ್ತೆ ನೀರಿಗೇ ಬಿಡುತ್ತಾರೆ. ತಿನ್ನದ್ದನ್ನು ಕೊಲ್ಲಬಾರದು ಎಂಬುದು ಅವರ ಹಟ. ನನ್ನ ಗಂಡ ಅಪ್ಪನಿಗೆ ಹೇಳಿ ಹೇಳಿ ಸೋತಿದ್ದಾರೆ.

ಮಧ್ಯಾಹ್ನ ಯಾರೋ ಹೆಂಗಸು ಬಕೆಟ್ ಹಿಡಿದು ದಡಕ್ಕೆ ಬಂದಳು. ಒಳಗೆ ಮೊಳದುದ್ದದ ಮುಳ್ಳುಮೀನು.

"ತೊಟ್ಟೀಲಿ ಹಿಡಿಸ್ತಾ ಇಲ್ಲ. ಪಾಪ, ಸಾಯಿಸೋಕೆ ಮನಸ್ಸು ಬರಲಿಲ್ಲ. ಕೆರೆಗೆ ಬಿಡೋಣ ಅಂತ ಬಂದೆ."

ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ, "ಕೊಡಮ್ಮ, ನಾನು ನೋಡ್ಕೋತೀನಿ" ಎಂದು ಬಕೆಟ್ ಇಸಿದುಕೊಂಡರು. ಅವಳು ನಿಶ್ಚಿಂತೆಯಿಂದ ಬಕೆಟ್ಟನ್ನೂ ಬಿಟ್ಟು ಹೋದಳು. ಅವಳು ಕಣ್ಮರೆಯಾದ ಮೇಲೆ ಮಾವ ದೋಣಿಯ ಹಿಂದೆ ಹೋಗಿ ಮೀನನ್ನು ಹುಟ್ಟಿನಿಂದ ಬಡಿದರು. ಒಂದೇಟಿಗೆ ಸಾಯಲಿಲ್ಲ, ಹಾಳಾದ್ದು. ಬಡಿಯುತ್ತಲೇ ಇದ್ದರು.

ಆಮೇಲೆ ಬಕೆಟ್ ತೊಳೆಯುತ್ತಾ ನನ್ನ ಮುಖ ನೋಡದೆ ಹೇಳಿದರು: "ಆಯಮ್ಮನೂ ನನ್ನ ಹಾಗೇ ಕಣಮ್ಮ."

ರಾತ್ರಿ ಊಟಕ್ಕೆ ಕರೆದರೆ ಏಳಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ, ನಿದ್ದೆಯಂತೂ ಬಂದಿಲ್ಲ.

ನಾಳೆಯೂ ಬಲೆ ತುಂಬ ಅವೇ ಬರುತ್ತವೆ. ಮಾವ ಇವನ್ನು ಕೊಂದುಹಾಕಬಾರದೇ ಎಂದು ಇಷ್ಟು ದಿನ ಹಲ್ಲು ಕಡಿದವಳು ನಾನೇ. ನಾಳೆ ಅವರು ಹುಟ್ಟು ಎತ್ತುವಾಗ ನಾನು ಆ ದಡದಲ್ಲಿ ಇರಲಾರೆ.