ಕುಲುಮೆ ಕಾಯುವವರು

ಗುರುವಾರ, ಮುಷ್ಕರದ ಹತ್ತೊಂಬತ್ತನೆಯ ದಿನ

ಪ್ರೀತಿಯ ಅಕ್ಕಾ,

ಇವತ್ತು ಬೆಳಿಗ್ಗೆ ಹಾಲು ಬಾಟಲಿಯಲ್ಲಿ ಬರಲಿಲ್ಲ. ಹಾಲಿನವನು ಬಾಗಿಲಲ್ಲೇ ನಿಂತು, "ಪಾತ್ರೆ ತನ್ನಿ, ಎಲ್ಲಾ ನಿಮ್ಮಪ್ಪನ ಕೃಪೆ!" ಎಂದು ನಕ್ಕ. ನಿನ್ನ ಎರಡು ಪತ್ರಗಳಿಗೆ ಉತ್ತರಿಸದೆ ಕೂತವಳಿಗೆ ಆ ನಗು ಕೇಳಿದ ಮೇಲೆ ಬರೆಯದೆ ಇರಲಾಗಲಿಲ್ಲ. ಬೈಯಬೇಡ.

ಅಪ್ಪ ದುಡಿಯುವ ಗಾಜಿನ ಕಾರ್ಖಾನೆ ನಿಂತರೆ ಇನ್ನೇನೇನು ನಿಲ್ಲುತ್ತದೆ ಎಂದು ನೋಡುತ್ತ ತಿರುಗುವುದೇ ನನಗೊಂದು ಹುಚ್ಚಾಗಿದೆ. ಔಷಧಿ ಅಂಗಡಿಯಲ್ಲಿ ಕೆಮ್ಮಿನ ಸಿರಪ್ ಇಲ್ಲ. ಬಾಟಲಿಗಳಿಗೆ ರಟ್ಟಿನ ಪೆಟ್ಟಿಗೆ ಮಾಡುತ್ತಿದ್ದ ಪಕ್ಕದ ಮನೆಯಾಕೆ ಅಂಟಿನ ಡಬ್ಬಿ ಮುಚ್ಚಿಟ್ಟಿದ್ದಾಳೆ. ಗೇಟಿನೆದುರಿನ ಕ್ಷೌರದಂಗಡಿಯವನು ಅಪ್ಪನನ್ನು ತಡೆದು, "ಮುಷ್ಕರ ನಿಮ್ದು, ಉಪವಾಸ ನಂದು! ಗಡ್ಡ ತೆಗೆಸ್ಕೊಂಡೂ ಘೋಷಣೆ ಕೂಗಬಹುದು ಸ್ವಾಮಿ" ಎಂದನಂತೆ.

ನಿಲ್ಲದೆ ಇರುವುದು ಗಾಜು ಕರಗಿಸುವ ಕುಲುಮೆ ಒಂದೇ. ಮುಷ್ಕರ ಹೂಡಿದವರೇ ಮೂವರು ಮೂವರಾಗಿ ಸರದಿಯಲ್ಲಿ ಒಳಗೆ ಹೋಗಿ, ಸಂಬಳವಿಲ್ಲದೆ, ಅದನ್ನು ಸಣ್ಣ ಉರಿಯಲ್ಲಿ ಕಾಯುತ್ತಾರೆ.

"ಸಂಬಳ ಬರ್ತಿದ್ದಾಗ ಹತ್ತು ಸಲ ಎಬ್ಬಿಸಬೇಕಿತ್ತು. ಬಿಟ್ಟಿ ಕೆಲಸಕ್ಕೆ ನೋಡು, ಹೇಗೆ ಓಡ್ತಾರೆ!" ಎಂದು ಅಮ್ಮ ಚುಚ್ಚಿದಳು.

"ಅದು ಆರಿದ್ರೆ ಒಳಗಿರೋ ಗಾಜು ಬಂಡೆ ಆಗುತ್ತೆ ಕಣೇ," ಎಂದರು ಅಪ್ಪ ಚಪ್ಪಲಿ ಮೆಟ್ಟುತ್ತ. "ಆಮೇಲೆ ಯಾರು ಗೆದ್ರೂ ಅಷ್ಟೆ. ವಾಪಸ್ ಹೋಗೋಕೆ ಕಾರ್ಖಾನೆನೇ ಇರಲ್ಲ."

ಭಾವನವರಿಗೆ ನಮಸ್ಕಾರ ತಿಳಿಸು. ಮಗುವಿನ ಎರಡೂ ಕೆನ್ನೆಗೆ ನನ್ನ ಮುತ್ತು. ಅದು ಗಟ್ಟಿಯಾಗಿ ಮಾತಾಡುವ ಹುಡುಗಿಯಾಗಿ ಬೆಳೆಯಲಿ.

ನಿನ್ನ
ಮೌನಗೌರಿ

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಉಳಿಸಿಕೊಂಡದ್ದು. ಮನೆಯಲ್ಲಿ ಹೇಳಿರುವಂತೆ ನಾನು ಕೆಲಸಕ್ಕೆ ಹೋಗುತ್ತಿರುವುದು ಮುದ್ರಣಾಲಯಕ್ಕಲ್ಲ, ಅಕ್ಕಾ. ಅಪ್ಪನ ಸಂಬಳ ನಿಂತ ವಾರವೇ ಅದೇ ಕಂಪನಿಯ ಪೇಟೆ ಕಚೇರಿಗೆ ಸೇರಿದೆ. ಒಳ್ಳೆಯ ಭಾಷೆ ಬರೆಯುವವರು ಬೇಕಿತ್ತಂತೆ. ಯಾರ ಮಗಳೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಸೋಮವಾರದೊಳಗೆ ಬಾರದವರ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳುತ್ತೇವೆ ಎಂದು ಗೇಟಿಗೆ ಅಂಟಿಸಿರುವ ನೋಟೀಸು ನನ್ನದೇ. ನಿನ್ನೆ ಅಪ್ಪ ಊಟಕ್ಕೆ ಕೂತು, "ಕತ್ತು ಕೊಯ್ಯೋದನ್ನೂ ಎಷ್ಟು ಮೆತ್ತಗೆ ಬರೆದಿದ್ದಾರೆ! ಯಾರೋ ಚೆನ್ನಾಗಿ ಓದಿದವರೇ ಇರಬೇಕು" ಎಂದು ನನ್ನ ಮುಖ ನೋಡಿ ನಕ್ಕರು. ಓದಿದ ಮಗಳಲ್ಲವೇ, ನನಗೆ ಖುಷಿಯಾಗಲಿ ಎಂದು.

ಎರಡನೆಯ ನೋಟೀಸು ನಾಳೆ ಬೇಕಂತೆ. ನಾನು ಬರೆಯುವುದಿಲ್ಲ. ಬೆಳಿಗ್ಗೆ ಅಪ್ಪನ ಬುತ್ತಿ ಹಿಡಿದು ಗೇಟಿನವರೆಗೆ ಜೊತೆಗೆ ಹೋಗುತ್ತೇನೆ. ಆ ನೋಟೀಸಿನ ಮುಂದೆಯೇ ನಿಂತು, ಬರೆದವಳು ನಾನೇ ಎಂದು ಅಪ್ಪನಿಗೆ ಹೇಳುತ್ತೇನೆ.