ಜಗದೀಶನ ಕಣ್ಣಿನ ಚೀಟಿ

ಕಾಗಾಲ
16 ನವೆಂಬರ್ 2025

ರಂಜಿತಕ್ಕನಿಗೆ ತಮ್ಮ ಪ್ರವೀಣನ ನಮಸ್ಕಾರ.

ಚೌತಿಗೆ ಬರೆಯುತ್ತೇನೆಂದವನು ದೀಪಾವಳಿಯೂ ಕಳೆದ ಮೇಲೆ ಬರೆಯುತ್ತಿದ್ದೇನೆ. ಸಿಟ್ಟಾಗಬೇಡ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಕಾಯ್ಕಿಣಿಯ ನಿಮ್ಮ ಮನೆಯಲ್ಲಿ ಸ್ಪೀಕರ್ ಹಾಕದೆ ಯಾರೂ ಮಾತಾಡುವುದಿಲ್ಲ. ಇದು ನಿನ್ನ ಅತ್ತೆ ಕೇಳುವ ಸುದ್ದಿಯಲ್ಲ.

ಅಪ್ಪನ ಕಣ್ಣಿಗೆ ಬಂದದ್ದು ಪೊರೆಯಲ್ಲ, ಗ್ಲಾಕೋಮಾ. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಸಾಯುತ್ತದಂತೆ. ನೋವಿಲ್ಲ, ಕೆಂಪಿಲ್ಲ. ನೇರ ಎದುರಿನದು ಕಾಣುತ್ತದೆ, ಪಕ್ಕದ್ದು ಅಂಚಿನಿಂದ ಅಳಿಯುತ್ತ ಬರುತ್ತದೆ. ಅದಕ್ಕೇ ಅಪ್ಪ ಸೂಜಿಗೆ ದಾರ ಪೋಣಿಸುತ್ತಿದ್ದ, ಕಾಲ ಬಳಿಯ ಬುಟ್ಟಿ ಎಡವುತ್ತಿದ್ದ. ಹೋದದ್ದು ಮರಳಿ ಬರುವುದಿಲ್ಲ. ಉಳಿದದ್ದು ಉಳಿಯಲು ದಿನಕ್ಕೊಂದು ಹನಿ ಔಷಧ, ಬದುಕಿರುವ ತನಕ. ಅವ್ವಿ ಒಂದು ದಿನವೂ ತಪ್ಪಿಸುವುದಿಲ್ಲ.

ಈಗ ನಿನಗೆ ಸುಗ್ಗಿ ಕುಣಿತದ ದಿನ ಆದದ್ದು ಅರ್ಥವಾಗಬೇಕು. ನಮ್ಮ ಮೇಳದಲ್ಲಿ ತಲೆಗೆ ಬೆಂಡಿನ ಹೂವಿನ ತುರಾಯಿ ಕಟ್ಟಿದವನು ಅದನ್ನು ಇಳಿಸುವ ತನಕ ಕುಡಿಯುವಂತಿಲ್ಲ. ಅಪ್ಪ ಸುತ್ತು ತಪ್ಪಿ ಮೇಳದ ಯಜಮಾನ ಜಗದೀಶನಿಗೆ ಡಿಕ್ಕಿ ಹೊಡೆದ. ಜಗದೀಶನ ತುರಾಯಿ ಮಣ್ಣಿಗೆ ಬಿತ್ತು.

“ಎಂತ ಚೌಡ, ಹಗಲಿಗೇ ಏರ್ಸ್ಕಂಡ್ ಬಂದಿದ್ಯ?”

“ಇಲ್ಲ ಮಾರಾಯಾ, ಮುಟ್ಟಲಿಲ್ಲ. ನೀ ಪಕ್ಕಕ್ಕೆ ಬಂದದ್ದು ಕಾಣ್ಲಿಲ್ಲ.”

“ಕೇಳಿದ್ರನಾ? ಇವ್ನಿಗೆ ಸೂಜಿ ತೂತು ಕಾಣ್ತದೆ, ಆಳು ಕಾಣೂದಿಲ್ವಂತೆ!”

ಊರೇ ನಕ್ಕಿತು. ಇಪ್ಪತ್ತೆರಡು ವರ್ಷ ಕುಣಿದವನ ತುರಾಯಿಯನ್ನು ಜಗದೀಶ ನಿಂತಲ್ಲೇ ಬಿಚ್ಚಿಸಿದ. ಅಪ್ಪ ಬರಿತಲೆಯಲ್ಲಿ ಮನೆಗೆ ನಡೆದ. ಆ ದಿನದಿಂದ ಅಪ್ಪನ ಹಾಡೂ ನಿಂತಿತು.

ಆಗಸ್ಟಿನಲ್ಲಿ ಕಣ್ಣಿನ ಸರ್ವೆಯವರು ಬಂದು, ಸೊಸೈಟಿ ಕಟ್ಟಡದಲ್ಲಿ ನಲವತ್ತು ದಾಟಿದವರನ್ನೆಲ್ಲ ಕೂರಿಸಿ ಪರೀಕ್ಷೆ ಮಾಡಿದರು. ನೂರು ಜನರಲ್ಲಿ ಎರಡು ಮೂರು ಮಂದಿಗೆ ಈ ಕಾಯಿಲೆ ಇರುತ್ತದೆ, ಹೆಚ್ಚಿನವರಿಗೆ ಅದು ಗೊತ್ತೇ ಇರುವುದಿಲ್ಲ ಎಂದರು. ನಮ್ಮಲ್ಲಿ ನೋಡಿದ್ದು ಇನ್ನೂರ ಹನ್ನೆರಡು ಜನರನ್ನು. ಸಿಕ್ಕಿದ್ದು ಆರು. “ಚೀಟಿ ಬಂದವರು ಕುಮಟೆ ಆಸ್ಪತ್ರೆಗೆ ಬನ್ನಿ, ಚೀಟಿ ಬಾರದಿದ್ದರೆ ಕಣ್ಣಿಗೆ ತೊಂದರೆ ಇಲ್ಲ ಅಂತ ತಿಳ್ಕೊಳ್ಳಿ” ಎಂದಿದ್ದರು. ಆಗಸ್ಟ್ 28ಕ್ಕೆ ನರ್ಸ್ ಮಾಲಿನಿಯವರು ಆರೂ ಚೀಟಿಗಳನ್ನು ನನ್ನ ಕೈಗೆ ಕೊಟ್ಟರು. ತರಕಾರಿ ತುಂಬಲು ನನ್ನ ಗೂಡ್ಸ್ ರಿಕ್ಷಾ ಮನೆಮನೆಗೆ ಹೋಗುತ್ತದಲ್ಲ.

ಒಂದು ಅಪ್ಪನದು. ನಾಲ್ಕನ್ನು ಅದೇ ದಿನ ಕೊಟ್ಟೆ. ಆರನೆಯದು ಜಗದೀಶನದು. ಅದನ್ನು ಸೀಟಿನ ಕೆಳಗೆ ಇಟ್ಟೆ.

ಮರೆತದ್ದಲ್ಲ ಅಕ್ಕ. ದಿನಾ ತೆಗೆದು ನೋಡುತ್ತಿದ್ದೆ. ಅವನು ಕೋಳಿಮರಿ ತುಳಿದಾಗ ಸಂತೋಷವಾಯಿತು. ಬೈಕಿನ ಹ್ಯಾಂಡಲ್ ಗೇಟಿಗೆ ತಾಗಿಸಿ ಬಿದ್ದಾಗ ಆ ದಿನ ಎರಡು ತುತ್ತು ಹೆಚ್ಚು ಉಂಡೆ. ಒಳ್ಳೆಯ ಮನಸ್ಸು ಬಂದು ಚೀಟಿ ಕೊಟ್ಟೆ ಎಂದು ತಿಳಿಯಬೇಡ. ಪೂರ್ತಿ ಕುರುಡಾದರೆ ಅವನು ತಪ್ಪಿಸಿಕೊಳ್ಳುತ್ತಾನೆ ಎಂದು ಒಂದು ದಿನ ಹೊಳೆಯಿತು. ಅಪ್ಪನ ಮುಖವನ್ನು ಅವನು ದಿನಾ ನೋಡಬೇಕು. ಅದಕ್ಕೆ ಅವನಿಗೆ ಕಣ್ಣು ಬೇಕು.

ಹೋದ ಭಾನುವಾರ ಅವನ ಅಂಗಳದಲ್ಲಿ ಮೇಳದ ಸಭೆ ಇತ್ತು. ಎಲ್ಲರೂ ಕೂತ ಮೇಲೆ ಹೋದೆ.

“ಜಗದೀಶಣ್ಣ, ನಿಮ್ದೊಂದು ಚೀಟಿ ಇತ್ತು.”

“ಎಂತದಾ?”

“ಕಣ್ಣಿಂದು. ಅಪ್ಪಂಗೆ ಬಂದದ್ದೇ ನಿಮಗೂ ಬಂದದೆ. ಕುಡಿದದ್ದಲ್ಲ ಹೌದಾ ಅದು?”

ಯಾರೂ ನಗಲಿಲ್ಲ. ಅವನು ಚೀಟಿಯನ್ನು ಮುಖದ ಎದುರಿಗೇ ಹಿಡಿದು ಓದಿದ. “ತಾರೀಕು ಆಗಸ್ಟಿಂದಲ್ಲನಾ?”

“ಹೌದು. ನಾನೇ ಇಟ್ಕಂಡಿದ್ದೆ. ಎಪ್ಪತ್ತಮೂರು ದಿನ.”

ಕೆನ್ನೆಗೆ ಬಿತ್ತು. ಅವನ ಹೆಂಡತಿ ಬಂಗಾರಿ ಓಡಿ ಬಂದು, “ಮತ್ತೊಬ್ರ ಕಣ್ಣು ತಿನ್ನೂಕೆ ಹುಟ್ಟಿದ್ಯನಾ ನೀನು!” ಎಂದು ಮಣ್ಣು ತೂರಿದಳು. ತಿಂದುಕೊಂಡು ನಿಂತೆ. ಆ ಪೆಟ್ಟು ನನಗೆ ಬರಬೇಕಾದದ್ದೇ.

ಬಿದ್ದ ಮೇಲೆ ಅವನು ಬೈಕ್ ಮುಟ್ಟಿರಲಿಲ್ಲ, ಮರುದಿನ ನನ್ನ ರಿಕ್ಷಾದಲ್ಲೇ ಕುಮಟೆಗೆ ಒಯ್ದೆ. ಎಡಗಣ್ಣಿನ ಅಂಚು ಹೋಗಿದೆಯಂತೆ, ಹನಿಯಿಂದ ಒತ್ತಡ ಇಳಿಯದಿದ್ದರೆ ಆಪರೇಷನ್ ಅಂತೆ. “ಸ್ವಲ್ಪ ಮೊದಲೇ ಬರಬೇಕಿತ್ತು” ಎಂದು ಡಾಕ್ಟರು ಹೇಳಿದಾಗ ನನಗೆ ಗೆದ್ದ ಹಾಗಾಯಿತು. ಆಮೇಲೆ ಪಶ್ಚಾತ್ತಾಪವಾಯಿತು ಎಂದು ಬರೆದರೆ ನಿನಗೆ ಸಮಾಧಾನವಾಗಬಹುದು. ಆದರೆ ಆಗಿಲ್ಲ. ಮಾಡಿದ್ದು ತಪ್ಪು ಎಂದು ಗೊತ್ತು, ಅಷ್ಟೇ.

ಇನ್ನೊಂದು ಮಾತು. ತಂದೆತಾಯಿಗೆ ಇದ್ದರೆ ಮಕ್ಕಳಿಗೂ ಬರುವುದು ಹೆಚ್ಚಂತೆ. ನಾನು ತೋರಿಸಿ ಆತು, ಸದ್ಯ ಏನೂ ಇಲ್ಲ. ನೀನು ಭಟ್ಕಳದಲ್ಲೋ ಹೊನ್ನಾವರದಲ್ಲೋ ತೋರಿಸು. ‘ಚೆನ್ನಾಗಿ ಕಾಣ್ತದೆ’ ಎನ್ನಬೇಡ. ಅಪ್ಪನೂ ಹಾಗೇ ಅನ್ನುತ್ತಿದ್ದ.

ಭಾವನಿಗೆ ನಮಸ್ಕಾರ. ಪುಟ್ಟಿಗೆ ಮಾವನ ಮುದ್ದು. ನಿಮ್ಮೆಲ್ಲರ ಕಣ್ಣು ತಣ್ಣಗಿರಲಿ.

ನಿನ್ನ ತಮ್ಮ,
ಪ್ರವೀಣ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ಸುಗ್ಗಿಯ ದಿನ ನೀನು ಇರಲಿಲ್ಲ. ತುರಾಯಿ ಬಿಚ್ಚಿಸುವ ಮೊದಲು ಜಗದೀಶ ನನ್ನನ್ನು ಕರೆದು, “ಮಗನೇ ಅಲ್ವನಾ, ಅಪ್ಪನ ಬಾಯಿ ಮೂಸಿ ಹೇಳು” ಎಂದ. ನಾನು ಮೂಸಿದೆ ಅಕ್ಕ. ಅಪ್ಪ ಕುಡಿಯುವವನಲ್ಲ ಎಂದು ಗೊತ್ತಿದ್ದೂ, ಅಷ್ಟು ಜನರ ಎದುರು ಬಗ್ಗಿ ಮೂಸಿದೆ. ಎಲೆಯಡಿಕೆ ಕವಳದ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಇಲ್ಲ ಎಂದು ಕೂಗಿ ಹೇಳಿದೆ, ಯಾರೂ ನಂಬಲಿಲ್ಲ. ಅಪ್ಪ ಬಾಯಿ ತೆರೆದು ನಿಂತಿದ್ದ. ಸುತ್ತ ನಗುತ್ತಿದ್ದವರು ಯಾರೂ ಅವನಿಗೆ ಕಂಡಿರಲಿಕ್ಕಿಲ್ಲ. ಎದುರಿಗಿದ್ದ ನನ್ನ ಮುಖ ಒಂದೇ ಕಂಡಿರಬೇಕು.