ಮೂರನೇ ಟ್ರ್ಯಾಕಿನ ಹಲ್ಲಿ

3 ಫೆಬ್ರವರಿ, ಸೋಮವಾರ. ಬಸ್ಸಿನಲ್ಲಿ, ಬೆಳಿಗ್ಗೆ 8.50

ಕಿಟಕಿ ಸೀಟು ಸಿಕ್ಕಿತು. ಹೊಳಲ್ಕೆರೆ ಬಿಟ್ಟು ಹತ್ತು ನಿಮಿಷ. ಫೋನನ್ನು ರೆಕಾರ್ಡಿಂಗ್‌ಗೆ ಹಾಕಿ ತೊಡೆ ಮೇಲೆ ಇಟ್ಟುಕೊಂಡಿದ್ದೇನೆ. ಪಕ್ಕದ ಹೆಂಗಸಿಗೆ ಅನುಮಾನ ಬಂದು ಮಾತು ನಿಲ್ಲಿಸಿದ್ದಾಳೆ. ನನಗೂ ಅವಳ ಮೇಲೆ ಅನುಮಾನ. ಕಾಲ ಬಳಿಯ ಚೀಲ ಆಗಾಗ ಅಲ್ಲಾಡುತ್ತಿದೆ. ಕೋಳಿ ಇರಬೇಕು. ಟಿಕೆಟ್ ತಗೊಂಡಿಲ್ಲ, ಕೋಳಿಗೆ.

ಕ್ಲಾಸಿಗೆ ಸೇರಿ ಮೂರು ವಾರ. ಸೋಮವಾರ, ಗುರುವಾರ ದುರ್ಗಕ್ಕೆ. ಸದ್ದಿನಲ್ಲಿ ಕಥೆ ಕಟ್ಟುವುದು, ಕಂಪ್ಯೂಟರಿನಲ್ಲಿ ಕತ್ತರಿಸುವುದು, ಜೋಡಿಸುವುದು. ಮನೆಯಲ್ಲಿ ಸುಮ್ಮನೆ ರೇಡಿಯೋ ಕೋರ್ಸು ಅಂದಿದ್ದೇನೆ.

ಪರಮೇಶ್ ಸರ್ ಮೊದಲ ದಿನ ಹೇಳಿದ್ದು — "ಬಾಯಿ ಸುಳ್ಳು ಹೇಳ್ತೈತೆ. ಹಿಂದಿನ ಸದ್ದು ಹೇಳಲ್ಲ. ಅದನ್ನ ಕೇಳ್ರಿ." ನನಗೆ ಅಂತಲೇ ಹೇಳಿದ ಹಾಗಿತ್ತು. ಹುಟ್ಟಿದಾಗಿನಿಂದ ಹಿಂದಿನ ಸದ್ದೇ ಕೇಳುತ್ತಾ ಬಂದವಳು ನಾನು. ಅಮ್ಮ ಬೈಯುವುದು ಅದಕ್ಕೇ: "ಅನುಮಾನಂ ಪೆದ್ದ ರೋಗಂ ಕಣೆ ಮೇಘಿ, ಅದಕ್ಕೆ ಗುಳಿಗೆ ಇಲ್ಲ."

ಮೊದಲ ಅಸೈನ್‌ಮೆಂಟ್: ಮಾತಿಲ್ಲದೆ ಮನೆಯ ಹತ್ತು ಸದ್ದು. ಕುಕ್ಕರ್, ಗೇಟು, ಅಜ್ಜಿ ಎಲೆಅಡಿಕೆ ಕುಟ್ಟುವುದು... ಹತ್ತನೆಯದು ಬಚ್ಚಲುಮನೆಯ ಹಲ್ಲಿ. ಅದು ಲೊಚಗುಟ್ಟಲಿ ಅಂತ ಇಪ್ಪತ್ತು ನಿಮಿಷ ಉಸಿರು ಬಿಗಿಹಿಡಿದು ನಿಂತಿದ್ದೆ. ಹೊಟ್ಟೆ ಕೆಟ್ಟಿದೆ ಅಂತ ಅಮ್ಮ ಓಂಕಾಳು ಹುರಿದು ಕೊಟ್ಟಳು. ಸರ್‌ಗೆ ಹಲ್ಲಿಯೇ ಇಷ್ಟವಾಯಿತು.

5 ಫೆಬ್ರವರಿ, ಬುಧವಾರ

ಹೊಸದುರ್ಗದ ಹುಡುಗನ ವಿಷಯ.

ಹೆಸರು ಗಿರೀಶ್. ಪಶು ಆಸ್ಪತ್ರೆಯಲ್ಲಿ ಕೆಲಸ. ಹೋದ ತಿಂಗಳು ಬಂದು ಅಕ್ಕನನ್ನು ನೋಡಿಕೊಂಡು ಹೋದ. ಸ್ವಾತಿ ಅಕ್ಕನಿಗೆ ಇಪ್ಪತ್ತೊಂಬತ್ತು, ಪ್ರೈಮರಿ ಶಾಲೆಯಲ್ಲಿ ಟೀಚರ್. ಹಿಂದೆ ಬಂದ ನಾಲ್ಕು ಸಂಬಂಧ ನಾಲ್ಕು ಕಾರಣಕ್ಕೆ ಮುರಿದವು. ಅಕ್ಕ ಯಾವುದಕ್ಕೂ ಏನೂ ಅಂದವಳಲ್ಲ. ಮಾತು ಕಡಿಮೆ, ಆಡಿದರೂ ಮೆತ್ತಗೆ. ಶಾಲೆಯಲ್ಲಿ ಮಕ್ಕಳು ಹೇಗೆ ಕೇಳಿಸಿಕೊಳ್ಳುತ್ತಾರೋ ದೇವರೇ ಬಲ್ಲ.

ಗಿರೀಶ್ ನೋಡಲು ಒಳ್ಳೆಯವನೇ. ಅದೇ ನನಗೆ ಅನುಮಾನ. ಹೊಸದುರ್ಗದಲ್ಲಿ ರೂಮು ಮಾಡಿಕೊಂಡು ಒಬ್ಬನೇ ಇದ್ದೇನೆ ಅಂದ. ಆದರೆ ಭಾನುವಾರ ಮಾತ್ರ ಅಕ್ಕನಿಗೆ ಫೋನ್ ಮಾಡುವುದಿಲ್ಲ. ಒಂದು ವಾಯ್ಸ್ ಮೆಸೇಜ್ ಹಾಕುತ್ತಾನೆ, ಅಷ್ಟೇ.

ಇವತ್ತು ಅಕ್ಕ ಸ್ನಾನಕ್ಕೆ ಹೋದಾಗ ಆ ಮೆಸೇಜನ್ನು ನನ್ನ ಫೋನಿಗೆ ಕಳಿಸಿಕೊಂಡೆ. ಪ್ರಾಕ್ಟೀಸಿಗೆ. ಹೆಡ್‌ಫೋನ್ ಹಾಕಿ, ಅವನ ದನಿ ತಗ್ಗಿಸಿ, ಹಿಂದಿನದನ್ನು ಏರಿಸಿದೆ. "ಇವತ್ತು ಸ್ವಲ್ಪ ಕೆಲಸ ಐತೆ, ನಾಳೆ ಮಾತಾಡ್ತೀನಿ" ಅನ್ನುತ್ತಾನೆ. ಅದರ ಹಿಂದೆ ಕುಕ್ಕರ್ ಕೂಗುತ್ತಿದೆ. ಒಂದು ಮಗು ಮಗ್ಗಿ ಒಪ್ಪಿಸುತ್ತಿದೆ. ಯಾರದೋ ಬಳೆ. ಹೆಂಗಸಿನ ದನಿ ಮಗುವಿಗೆ ಏನೋ ಗದರುತ್ತಿದೆ.

ಒಬ್ಬನೇ ಇರುವ ರೂಮಿನಲ್ಲಿ.

ಯಾರಿಗೆ ಹೇಳಲಿ? ಹೇಳಿದರೆ ಮೊದಲು ಕೇಳುವುದು, ಮೆಸೇಜ್ ನಿನಗೆ ಹೇಗೆ ಸಿಕ್ಕಿತು ಅಂತ.

9 ಫೆಬ್ರವರಿ, ಭಾನುವಾರ

ತಾಳ್ಯದಿಂದ ದೊಡ್ಡತಿಮ್ಮಪ್ಪ ದೊಡ್ಡಪ್ಪ ಬಂದಿದ್ದರು. ಸಂಬಂಧ ತಂದವರೇ ಅವರು. ಮಾತುಕತೆ ಮುಗಿಸಿ ಹೊಸದುರ್ಗಕ್ಕೆ ಒಂದು ಮಾತು ಹೇಳಿಬಿಡಬೇಕು ಅಂತ ಅವಸರ. ಅಪ್ಪ, ಅಮ್ಮ, ಕಾಟಮ್ಮಜ್ಜಿ ಎಲ್ಲ ಹಾಲಿನಲ್ಲಿ. ಅಕ್ಕ ಅಡುಗೆಮನೆ ಬಾಗಿಲಿಗೆ ಒರಗಿಕೊಂಡು. ನಾನು ಫೋನನ್ನು ಪೇಪರಿನ ಕೆಳಗೆ ಇಟ್ಟೆ. ಮುಂದಿನ ಅಸೈನ್‌ಮೆಂಟಿಗೆ ಮನೆಮಾತು ಬೇಕಿತ್ತು. ನಿಜವಾಗಿಯೂ ಬೇಕಿತ್ತು.

ನಲವತ್ತೆರಡು ನಿಮಿಷ. ಮುಕ್ಕಾಲು ಪಾಲು ದೊಡ್ಡಪ್ಪನ ಕೆಮ್ಮು. ಅಪ್ಪ ಒಂದು ಸಲ ಮಾತ್ರ ಅಂದರು: "ಯಾಕೋ ಆ ಹುಡುಗನ ಮ್ಯಾಲೆ ನಂಗೆ ಪೂರ್ತಿ ನಂಬ್ಕೆ ಬರವಲ್ದು." ಆಮೇಲೆ ಕಾಫಿ ಬಂತು, ಮಾತು ಬೇರೆ ಕಡೆ ಹೋಯಿತು. ಕೊನೆಗೆ ಹೊರಡುವಾಗ ಅಪ್ಪನೇ "ಆಗ್ಲಿ, ಮುಂದುವರೀರಿ" ಅಂದರು.

ಅಪ್ಪನಿಗೂ ಅನುಮಾನ ಇದೆ. ಗುರುತು ಹಾಕಿಕೊಂಡೆ.

13 ಫೆಬ್ರವರಿ, ಗುರುವಾರ. ಕ್ಲಾಸಿನ ಲ್ಯಾಬ್, ಮಧ್ಯಾಹ್ನ

ಅಸೈನ್‌ಮೆಂಟ್ ನಾಲ್ಕು. ಮನೆಮಾತು ಮೂರು ನಿಮಿಷ. ಅದಕ್ಕೆ ಒಂದೇ ಒಂದು ಸದ್ದು ಸೇರಿಸಬೇಕು. "ಆ ಸದ್ದು ಬಂದ್ ಮೇಲೆ ಕೇಳೋರು ಮೊದ್ಲಿನಂಗೆ ಕುಂತಿರಬಾರ್ದು" ಅಂದರು ಸರ್.

ಒಂದನೇ ಟ್ರ್ಯಾಕಿಗೆ ಮಾತು. ಎರಡಕ್ಕೆ ಫ್ಯಾನಿನ ಸದ್ದು, ಕತ್ತರಿಸಿದ ಜಾಗ ಗೊತ್ತಾಗದಿರಲು. ಕೆಮ್ಮು ತೆಗೆದೆ. ಲೋಟದ ಸದ್ದು ತೆಗೆದೆ. ಅಡುಗೆಮನೆ ಕಡೆಯಿಂದ ಬಂದ ಗೊಣಗು, ಏನೂ ಸ್ಪಷ್ಟವಿಲ್ಲ — ತೆಗೆದೆ. ಅಪ್ಪನ "ನಂಬ್ಕೆ ಬರವಲ್ದು" ಉಳಿಸಿದೆ.

ಅದರ ಬೆನ್ನಿಗೇ ಮೂರನೇ ಟ್ರ್ಯಾಕಿನಲ್ಲಿ ಬಚ್ಚಲುಮನೆ ಹಲ್ಲಿ. ಲೊಚ್ ಲೊಚ್ ಲೊಚ್. ಸ್ವಲ್ಪ ಎಡಕ್ಕೆ ಸರಿಸಿದೆ, ಗೋಡೆ ಮೇಲೆ ಕೂತ ಹಾಗೆ ಕೇಳಲಿ ಅಂತ.

ಸರ್ ಕೇಳಿ, "ಇದು ಕಥೆ ಕಣಮ್ಮ" ಅಂದರು. ಕ್ಲಾಸಿನಲ್ಲಿ ಯಾರೂ ನಗಲಿಲ್ಲ. ಇಬ್ಬರ ಬೆರಳು ತಮಗೆ ಗೊತ್ತಿಲ್ಲದೆ ಮೇಜು ತಟ್ಟಿದವು.

ಕ್ಲಾಸಿಗೆ ಮಾಡಿದ್ದು. ಕ್ಲಾಸಿಗೇ ಇರಲಿ.

ಅದೇ ದಿನ, ಸಂಜೆ 7

ಇರಲಿಲ್ಲ. ನಾನು ಬಸ್ಸಿಳಿದು ಬಂದು ಕೈಕಾಲು ತೊಳೆಯುವಷ್ಟರಲ್ಲಿ ಅಜ್ಜಿ, "ನಮ್ ಮಾತೆಲ್ಲ ಹಿಡ್ಕಂಡಿದ್ಯಂತೆ, ಹಾಕವ್ವ ಕೇಳಾಣ" ಅಂದಳು. ಯಾರು ಹೇಳಿದ್ದು? ಅಮ್ಮನೇ ಇರಬೇಕು, ಪೇಪರ್ ಎತ್ತಿ ನೋಡಿರಬೇಕು. ಈ ಮನೆಯಲ್ಲಿ ನಾನೊಬ್ಬಳೇ ಅನುಮಾನದವಳು ಅನ್ನುತ್ತಾರೆ.

ಪೂರ್ತಿ ರೆಕಾರ್ಡಿಂಗ್ ಹಾಕಬಹುದಿತ್ತು. ಮೂರು ನಿಮಿಷದ್ದು ಹಾಕಿದೆ. ಬೆರಳು ಅದರ ಮೇಲೇ ಹೋಯಿತು. ಇಲ್ಲಿ ಸುಳ್ಳು ಬರೆದು ಏನು ಪ್ರಯೋಜನ — ನಾನೇ ಒಯ್ದೆ.

ಹಲ್ಲಿ ಲೊಚಗುಟ್ಟಿತು. ಅಜ್ಜಿ ನೆಲ ತಟ್ಟಿದಳು. "ಕೃಷ್ಣ ಕೃಷ್ಣ." ಅಮ್ಮನೂ ತಟ್ಟಿದಳು.

ಅಪ್ಪ: "ಇನ್ನೊಂದ್ ಸಲ ಹಾಕು."

ಹಾಕಿದೆ. ಮತ್ತೆ ಅದೇ ಜಾಗದಲ್ಲಿ, ಅದೇ ಮಾತಿನ ಮೇಲೆ.

"ಅವತ್ತು ನಮ್ ಕಿವೀಗೆ ಬೀಳ್ಲಿಲ್ಲ ನೋಡು ಮೂರ್ತಪ್ಪ" ಅಂದಳು ಅಜ್ಜಿ ಅಪ್ಪನಿಗೆ, "ನಿನ್ ಅಣ್ಣನ ಕೆಮ್ಮಲ್ಲಿ. ಮಿಷನ್ನಿಗೆ ಕೇಳೈತೆ. ಅದಕ್ಕೇನು ನಮ್ ಹಂಗೆ ಆಸೆಯಾ, ನಾಚ್ಕೆಯಾ?"

ಯಾವ ದಿಕ್ಕಿನಿಂದ ನುಡಿಯಿತು ಅಂತ ಗೊತ್ತಾಗಬೇಕಂತೆ. ಹೆಡ್‌ಫೋನ್ ಹಾಕಿಸಿಕೊಂಡು ಪೂರ್ವಕ್ಕೆ ಮುಖ ಮಾಡಿ ಕೂತಳು. ಎಡಕಿವಿ, ಹಾಗಾದರೆ ಉತ್ತರ. ಖಚಿತ ಮಾಡಿಕೊಳ್ಳಲು ಗೋಡೆಗೆ ಒರಗಿ, ದಕ್ಷಿಣಕ್ಕೆ ಮುಖ ಮಾಡಿ ಮತ್ತೊಂದು ಸಲ ಕೇಳಿದಳು. ಮತ್ತೆ ಎಡಕಿವಿಯೇ. ಕೂತ ದಿಕ್ಕು ಬದಲಾದರೆ ಹಲ್ಲಿಯೂ ಜಾಗ ಬದಲಾಯಿಸುತ್ತದೆ ಅನ್ನುವುದು ಅವಳಿಗೆ ಹೊಳೆಯಲಿಲ್ಲ. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ನಾನು ಬಾಯಿ ಬಿಡಲಿಲ್ಲ. ನಮ್ಮ ಮನೆಯದೇ ಮಾತು, ನಮ್ಮ ಮನೆಯದೇ ಹಲ್ಲಿ. ಸುಳ್ಳು ಎಲ್ಲಿದೆ? ಮಗ್ಗಿ ಹೇಳುವ ಮಗುವನ್ನು ಬಚ್ಚಿಟ್ಟಿರುವವನು ಅವನು. ಅಕ್ಕ ಉಳಿದಳು ಅಂದುಕೊಂಡೆ.

ಅಕ್ಕ ತಟ್ಟೆ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಲೇ ಇಲ್ಲ.

16 ಫೆಬ್ರವರಿ, ಭಾನುವಾರ

ದೊಡ್ಡಪ್ಪ ಹೊಸದುರ್ಗಕ್ಕೆ ಫೋನ್ ಮಾಡಿ ಬೇಡ ಅಂದರಂತೆ. ಕಾರಣ ಕೇಳಿದರೆ "ಯಾಕೋ ಹಿರೇರಿಗೆ ಮನಸ್ಸು ಬರ್ಲಿಲ್ಲ" ಅಂದರಂತೆ.

ಮುಗಿಯಿತು.

1 ಮಾರ್ಚ್, ಶನಿವಾರ

ಎರಡು ವಾರ ಬರೆದಿಲ್ಲ. ಕ್ಲಾಸಿಗೆ ಮೂರು ಸಲ ಚಕ್ಕರ್.

ಅಕ್ಕ ಊಟ ಬಿಟ್ಟಿಲ್ಲ, ಅತ್ತಿಲ್ಲ, ಶಾಲೆಗೆ ಹೋಗುತ್ತಾಳೆ, ಬರುತ್ತಾಳೆ. ನನ್ನ ಜೊತೆ ಮಾತಿಲ್ಲ. ಹೆಡ್‌ಫೋನ್ ನಾನು ಇಟ್ಟ ಜಾಗದಲ್ಲಿ ಇರುವುದಿಲ್ಲ. ವೈರು ಬೇರೆ ಥರ ಸುತ್ತಿರುತ್ತದೆ. ಯಾರೋ ನನ್ನ ಲ್ಯಾಪ್‌ಟಾಪ್ ತೆಗೆಯುತ್ತಿದ್ದಾರೆ.

ಇವತ್ತು ಸಂಜೆ ಮಾಳಿಗೆ ಮೇಲೆ ಬಟ್ಟೆ ತೆಗೆಯುವಾಗ ಅಕ್ಕನೇ ಬಾಯಿ ಬಿಟ್ಟಳು.

"ಆ ಹಲ್ಲೀನ ನೀನೇ ಹಾಕಿದ್ದಾ?"

ನಾನು ಟವೆಲ್ ಮಡಚುತ್ತಲೇ ಇದ್ದೆ.

"ಮೂರು ಸಾಲು ಅವೆ ಕಣೆ ಅದ್ರಲ್ಲಿ. ಮೂರನೇ ಸಾಲಲ್ಲಿ ಅದೊಂದೇ ಐತೆ. ನಾನೂ ಟೀಚರ್ರೇ, ನೋಡಿದ್ರೆ ಗೊತ್ತಾಗ್ತೈತೆ."

ಆಗ ಎಲ್ಲ ಒದರಿದೆ. ವಾಯ್ಸ್ ಮೆಸೇಜ್, ಕುಕ್ಕರ್, ಬಳೆ, ಮಗು. ಭಾನುವಾರ ಅವನು ಯಾರ ಮನೆಯಲ್ಲಿರುತ್ತಾನೆ ಕೇಳು ಅಂದೆ. ನನ್ನ ದನಿ ಏರಿತ್ತು, ಗೆದ್ದವಳ ಹಾಗೆ.

ಅಕ್ಕ ಕ್ಲಿಪ್ಪುಗಳನ್ನು ಒಂದೊಂದೇ ಡಬ್ಬಿಗೆ ಹಾಕಿದಳು. "ಹರಿಯಬ್ಬೆ ಊರಲ್ಲಿರ್ತಾರೆ. ಅವರ ಅತ್ತಿಗೆ ಮನೇಲಿ. ಅಣ್ಣ ತೀರ್ಕಂಡು ಮೂರು ವರ್ಷ ಆತಂತೆ. ಮಗೀಗೆ ಭಾನುವಾರ ಪಾಠ ಹೇಳ್ಕೊಡ್ತಾರೆ. ನೋಡಾಕೆ ಬಂದ ದಿನಾನೇ ನಂಗೆ ಹೇಳಿದ್ರು, ಮದುವೆ ಆದ್ಮೇಲೂ ಭಾನುವಾರ ಹೋಗ್ತೀನಿ, ಬ್ಯಾಡ ಅನ್ನಂಗಿದ್ರೆ ಈಗ್ಲೇ ಹೇಳಿ ಅಂತ." ಡಬ್ಬಿ ಮುಚ್ಚಿದಳು. "ಅದಕ್ಕೇ ನಂಗೆ ಅವರು ಇಷ್ಟ ಆಗಿದ್ದು."

ಮೆಟ್ಟಿಲು ಇಳಿದು ಹೋದಳು. ನಾನು ಸೋತೆ ಅಂತ ಬರೆದರೆ ಸಾಲದು. ಅಕ್ಕನ ಬಾಳಿನಲ್ಲಿ ಅವಳಾಗಿ ಇಷ್ಟಪಟ್ಟ ಒಂದೇ ಒಂದನ್ನು ನಾನು ಅಸೈನ್‌ಮೆಂಟಿಗೆ ಕತ್ತರಿಸಿದೆ.

2 ಮಾರ್ಚ್, ಭಾನುವಾರ

ಹೇಳಿಬಿಟ್ಟೆ. ಎಲ್ಲರ ಮುಂದೆ.

ಲ್ಯಾಪ್‌ಟಾಪನ್ನು ಹಾಲಿಗೆ ತಂದು, ಮೂರನೇ ಟ್ರ್ಯಾಕಿನ ದನಿ ಮುಚ್ಚಿ, ಹಾಕಿದೆ. ಅಪ್ಪನ ಮಾತು ಬಂತು, ಹೋಯಿತು. ಹಲ್ಲಿ ಇಲ್ಲ. "ಅದನ್ನ ನಾನೇ ಸೇರಿಸಿದ್ದೆ. ಇದು ನಿಜವಾದ್ದು" ಅಂದೆ. ಹೊಡೆತ ಬೀಳುತ್ತೆ ಅಂತ ಕಾದೆ.

ಅಜ್ಜಿ: "ಅಯ್ಯೋ, ತಗದ್‌ಬಿಟ್ಯೇನೆ?"

"ತಗದಿಲ್ಲ ಅಜ್ಜಿ. ಮೊದ್ಲು ಇರ್ಲೇ ಇಲ್ಲ."

ಅಪ್ಪ ನನ್ನ ತಲೆ ಮೇಲೆ ಕೈ ಇಟ್ಟರು. ಅದೇ ತಡೆಯಲಾಗಲಿಲ್ಲ. "ಅಕ್ಕ ಸೊರಗ್ತಾಳೆ ಅಂತ ಹಿಂಗ್ ಮಾಡ್ಕಂಡು ಬಂದೀಯ. ನಂಗೆ ಅರ್ಥ ಆಗ್ತೈತೆ ಬಿಡು."

"ಅಪ್ಪ, ಹಾಕಿದ್ದು ನಾನು!"

"ಹಾಕಾಕೆ ಬರೋರಿಗೆ ತಗಿಯಾಕೂ ಬರ್ತೈತೆ ಕಣವ್ವ."

ಅಮ್ಮ ನನ್ನನ್ನೇ ದಿಟ್ಟಿಸುತ್ತಿದ್ದಳು, ನಾನು ಜನರನ್ನು ನೋಡುವ ಹಾಗೆ. ಸುಳ್ಳನ್ನು ಎರಡು ಸಲ ಕೇಳಿ ನಂಬಿದವರು ನಿಜವನ್ನು ಒಂದು ಸಲವೂ ನಂಬಲಿಲ್ಲ. ಕಲಿಸಿಕೊಟ್ಟವಳೇ ನಾನು.

3 ಮಾರ್ಚ್, ಸೋಮವಾರ. ಬೆಳಿಗ್ಗೆ 11

ಕ್ಲಾಸಿಗೆ ಹೋಗಲಿಲ್ಲ. ಪೂರ್ತಿ ನಲವತ್ತೆರಡು ನಿಮಿಷವನ್ನು ಮೊದಲಿನಿಂದ ಕೇಳುತ್ತಿದ್ದೇನೆ. ಏನಾದರೂ ಸಾಕ್ಷಿ ಬೇಕು.

ಮೂವತ್ತೊಂದನೇ ನಿಮಿಷ. ದೊಡ್ಡಪ್ಪ, "ಹೆಣ್ಣಿಗೆ ಒಪ್ಗೇನಾ ಕೇಳ್ರಪ್ಪ" ಅನ್ನುತ್ತಾರೆ. ಕೆಮ್ಮು. ಲೋಟಗಳು. ಅಮ್ಮ ಸಕ್ಕರೆ ಕೇಳುತ್ತಾಳೆ. ಇವೆಲ್ಲದರ ಕೆಳಗೆ ಆ ಗೊಣಗು, ನಾನು ಕಸ ಅಂತ ತೆಗೆದದ್ದು. ಏರಿಸಿದೆ. ಇನ್ನೂ ಏರಿಸಿದೆ.

ಅಕ್ಕನ ದನಿ. "ನಂಗೆ ಒಪ್ಗೆ ಐತಪ್ಪ."

ಒಂದು ಕ್ಷಣ ಬಿಟ್ಟು ಇನ್ನೊಂದು ಸಲ, ಸ್ವಲ್ಪ ಜೋರಾಗಿ. "ಒಪ್ಗೆ ಐತೆ." ಅವಳ ಮಟ್ಟಿಗೆ ಅದು ಕೂಗಿದ ಹಾಗೆ.

ಯಾರೂ ತಿರುಗಲಿಲ್ಲ. ದೊಡ್ಡಪ್ಪ ಅಡಿಕೆ ರೇಟಿನ ಮಾತು ತೆಗೆದರು.

ಹನ್ನೊಂದು ಸಲ ಕೇಳಿದೆ. ಅತ್ತುಬಿಟ್ಟೆ.

ಸಂಜೆ 5.40

ಅಪ್ಪ ಡ್ಯೂಟಿ ಮುಗಿಸಿ ಬಂದು ಕಾಫಿ ಕುಡಿಯುತ್ತಿದ್ದರು. ಅಕ್ಕ ಶಾಲೆಯಿಂದ ಬಂದಿದ್ದಳು. ನಾನು ಬರಿಗೈಯಲ್ಲಿ ಹೋದೆ.

"ಅಪ್ಪ, ನಾನು ಏನ್ ಕೇಳಿಸಿದ್ರೂ ನೀನು ನಂಬಲ್ಲ. ನಂಬಬ್ಯಾಡ. ಅಕ್ಕ ಇಲ್ಲೇ ಅವ್ಳೆ, ಅವಳನ್ನ ಕೇಳು. ಅವತ್ತು ದೊಡ್ಡಪ್ಪ ಒಪ್ಗೇನಾ ಅಂದಾಗ ಏನಂದೆ ಅಂತ."

ಅಪ್ಪ ಕಾಫಿ ಲೋಟ ಹಿಡಿದುಕೊಂಡೇ ತಿರುಗಿದರು. "ಏನಂದ್ಯವ್ವ?"

"ಒಪ್ಗೆ ಐತೆ ಅಂದೆ. ಎರಡು ಸಲ ಅಂದೆ. ಯಾರೂ ತಿರುಗಿ ನೋಡ್ಲಿಲ್ಲ."

ಅಜ್ಜಿ ಏನೋ ಹೇಳಲು ಹೋದಳು. ಅಪ್ಪ ಕೈ ಅಡ್ಡ ಹಿಡಿದರು. ಅಪ್ಪ ಅಜ್ಜಿಗೆ ಹಾಗೆ ಮಾಡಿದ್ದು ನಾನು ನೋಡಿಲ್ಲ.

"ಈಗ?"

"ಈಗ ನನ್ ಒಪ್ಗೆ ಒಂದೇ ಸಾಕಾಗಲ್ಲ ಅಪ್ಪ. ಬ್ಯಾಡ ಅಂದೋರು ನಾವು."

ಅಪ್ಪ ಲೋಟ ಕೆಳಗಿಟ್ಟರು. ಆಮೇಲೆ ಫೋನ್ ತೆಗೆದು, ಗಿರೀಶ್ ನಂಬರ್ ಹುಡುಕಿ, ಅಕ್ಕನ ಕೈಗೆ ಕೊಟ್ಟರು. "ನನ್ ಬಾಯಿಂದ ಆಗಲ್ಲ. ನೀನೇ ಮಾತಾಡು."

6.05

ಅಕ್ಕ ಹಿತ್ತಿಲಿಗೆ ಹೋಗಿದ್ದಾಳೆ. ನಾನು ಕಿಟಕಿ ಪಕ್ಕ ಕೂತು ಬರೆಯುತ್ತಿದ್ದೇನೆ. ಅವಳ ದನಿ ಬರುತ್ತಿದೆ, ಪದ ತಿಳಿಯುತ್ತಿಲ್ಲ. ನನ್ನ ಫೋನ್ ಕೈಗೆಟಕುವಷ್ಟು ಹತ್ತಿರ ಇದೆ, ಒಂದು ಗುಂಡಿ ಒತ್ತಿದರೆ ಎಲ್ಲ ಸಿಗುತ್ತೆ. ಮುಟ್ಟಿಲ್ಲ.

ಅವರು ಎತ್ತಿದ್ದಾರೆ, ಅದಂತೂ ನಿಜ. ಅಕ್ಕ ಸುಮ್ಮನಾಗಿದ್ದಾಳೆ. ಕೇಳಿಸಿಕೊಳ್ಳುತ್ತಿದ್ದಾಳೆ. ಬಹಳ ಹೊತ್ತಾಯಿತು. ಬೇಡ ಅನ್ನಲು ಇಷ್ಟು ಹೊತ್ತು ಬೇಕೇ? ಅಥವಾ ಬೈಯುತ್ತಿದ್ದಾರೋ...

"ಮೇಘಿ, ಬಾ ಇಲ್ಲಿ." ಜೋರಾಗಿ ಕರೆದಳು. ಬೀದಿಗೆಲ್ಲ ಕೇಳುವಷ್ಟು. "ಅವರು ಯಾಕೆ ಅಂತ ಕೇಳ್ತಾವ್ರೆ. ನಿನ್ ಬಾಯಿಂದ್ಲೇ ಹೇಳು."

ಹೇಗೆ ಶುರು ಮಾಡುವುದು? ಗಿರೀಶ್ ಅವರೇ, ನಾನು ಸ್ವಾತಿ ತಂಗಿ. ನಿಮ್ಮ ಮೇಲೆ ಯಾರಿಗೂ ಏನೂ... ಅಲ್ಲ. ನನಗಿತ್ತು. ನಾನೇ ಆ ಹಲ್ಲಿಯನ್ನು... ಅಕ್ಕ ಮತ್ತೆ ಕರೆದಳು, ಪೆನ್ನು ಇಟ್ಟು ಹೋಗುತ್ತಿದ್ದೇನೆ.